ಎರಡು ಗಂಟೆ ಮಾತ್ರ ಬೆಳಗುವ ಗೋಪುರ

ಮೊದಲ ದಿನ, ಬುಧವಾರ: ಗ್ವಾಚಾನ್

ಇಂಚಾನ್ ವಿಮಾನ ನಿಲ್ದಾಣದಲ್ಲಿ ಇಳಿದದ್ದು, ಮೆಟ್ರೊಗೂ ಬಸ್ಸಿಗೂ ನಡೆಯುವ ಟಿ-ಮನಿ ಕಾರ್ಡು ಕೊಂಡದ್ದು, ಸೋಲ್ ನಗರದ ಚಿಕ್ಕ ಕೋಣೆಯೊಂದರಲ್ಲಿ ಗಂಟುಮೂಟೆ ಇಳಿಸಿದ್ದು ಹೇಳಿಕೊಳ್ಳುವಂಥ ಸಂಗತಿಗಳಲ್ಲ. ಮರುದಿನ ಬೆಳಿಗ್ಗೆ ನಾಲ್ಕನೆಯ ಮೆಟ್ರೊ ಮಾರ್ಗ ಹಿಡಿದು ನಾನೂ ಮಗಳೂ ದಕ್ಷಿಣಕ್ಕೆ ಹೊರಟೆವು. ನಾಮ್ ಜೂನ್ ಪೈಕ್ ಎಂಬ ಕಲಾವಿದ ಟಿವಿ ಪೆಟ್ಟಿಗೆಗಳನ್ನೇ ಕಲ್ಲು ಮರಗಳಂತೆ ಬಳಸಿ ಮಾಡಿದ ಕೃತಿಗಳನ್ನು ಅವನ ಊರಿನಲ್ಲೇ ನೋಡಬೇಕೆಂಬುದು ನನ್ನ ಬಹುದಿನಗಳ ಆಸೆ. ಹರೆಯದಲ್ಲಿ ಸೋದರಮಾವನ ಟಿವಿ ರಿಪೇರಿ ಅಂಗಡಿಯಲ್ಲಿ ಎರಡು ಬೇಸಿಗೆ ರಜೆ ಕಳೆದವನು ನಾನು. ಕಲೆಯ ವಿಷಯದಲ್ಲಿ ದಡ್ಡನಾದರೂ ಪಿಕ್ಚರ್ ಟ್ಯೂಬು, ಎಂದರೆ ಚಿತ್ರ ಮೂಡಿಸುವ ಗಾಜಿನ ಬುರುಡೆ, ಇರುವ ಹಳೆಯ ಟಿವಿಯ ಹಿಂದಿನ ಮುಚ್ಚಳ ತೆಗೆದ ಮೇಲೆ ಯಾವುದನ್ನು ಮುಟ್ಟಬಾರದು ಎಂಬುದು ಇಂದಿಗೂ ನೆನಪಿದೆ. ಮಗಳದ್ದು ಬೇರೆಯೇ ದಾರಿ. ಕೊರಿಯಾದ ಧಾರಾವಾಹಿಗಳನ್ನು ನೋಡುತ್ತ ನೋಡುತ್ತ ಆ ಭಾಷೆಯನ್ನು ಒಂದು ಮಟ್ಟಕ್ಕೆ ಕಲಿತಿದ್ದಾಳೆ, ಆದರೆ ಉಬ್ಬಿದ ಗಾಜಿನ ಟಿವಿ ಹೊತ್ತಿಕೊಳ್ಳುವುದನ್ನು ಒಮ್ಮೆಯೂ ಕಂಡವಳಲ್ಲ.

ಸೋಲ್ ಗ್ರ್ಯಾಂಡ್ ಪಾರ್ಕ್ ನಿಲ್ದಾಣದಿಂದ ಕಲಾ ಸಂಗ್ರಹಾಲಯಕ್ಕೆ ಬಸ್ಸಿನ ವ್ಯವಸ್ಥೆ ಇದ್ದರೂ ನಾವು ಕೆರೆಯ ದಂಡೆ ಬಳಸಿಕೊಂಡು ನಡೆದೇ ಹೋದೆವು. ನವೆಂಬರಿನ ಮೊದಲ ವಾರದಲ್ಲಿ ಅಲ್ಲಿಗೆ ಹೋಗುವ ಯಾರಿಗಾದರೂ ನಾನು ಇದನ್ನೇ ಹೇಳುತ್ತೇನೆ. ಎದುರಿನ ಚಾಂಗ್‌ಗ್ಯೆ ಬೆಟ್ಟದ ಮೇಪಲ್ ಮರಗಳು ಕುಂಕುಮದ ಬಣ್ಣಕ್ಕೆ ತಿರುಗಿದ್ದವು. ದಾರಿಯುದ್ದಕ್ಕೂ ಗಿಂಕೊ ಮರಗಳ ಹಳದಿ ಎಲೆ ಉದುರಿ ನೆಲ ಕಾಣದಾಗಿತ್ತು. ನೋಟ ಅಷ್ಟು ಚಂದವಿದ್ದರೂ ಗಿಂಕೊ ಹಣ್ಣನ್ನು ತುಳಿದರೆ ಹಳಸಿದ ಬೆಣ್ಣೆಯಂಥ ದುರ್ನಾತ ಬೂಟಿಗಂಟಿಕೊಂಡು ದಿನವಿಡೀ ಜೊತೆಗೆ ಬರುತ್ತದೆಂಬುದನ್ನು ಯಾವ ಚಿತ್ರವೂ ಹೇಳುವುದಿಲ್ಲ. ಮಗಳು ಎರಡು ಬಾರಿ ತುಳಿದಳು. ಚಳಿ ಮೂಗಿನ ತುದಿಯಲ್ಲಿ ಮಾತ್ರ ಇತ್ತು, ಬಿಸಿಲು ತೆಳ್ಳಗೆ ಬಿದ್ದಿತ್ತು.

ಗ್ವಾಚಾನ್ ಪಟ್ಟಣದ ಅಂಚಿನಲ್ಲಿರುವ ಈ ರಾಷ್ಟ್ರೀಯ ಸಂಗ್ರಹಾಲಯವು 1986ರಲ್ಲಿ ತೆರೆದದ್ದು. ಒಳಗೆ ಹೋದರೆ ನಡುವೆ ಬಾವಿಯಂತೆ ಮೇಲಕ್ಕೇರಿದ ದುಂಡನೆಯ ಅಂಕಣ, ಅದರ ಸುತ್ತ ಸುತ್ತಿಕೊಂಡು ಹತ್ತುವ ಇಳಿಜಾರು ದಾರಿ. ಆ ಬಾವಿಯ ನಡುವೆ ನಿಂತಿರುವುದೇ 'ದಾದಾಇಕ್ಸನ್'. 1988ರಲ್ಲಿ, ಸೋಲ್ ಒಲಿಂಪಿಕ್ಸ್ ನಡೆದ ವರ್ಷ, ಪೈಕ್ ವಾಸ್ತುಶಿಲ್ಪಿ ಕಿಮ್ ವೋನ್ ಅವರ ಜೊತೆಗೂಡಿ ನಿಲ್ಲಿಸಿದ 1003 ಟಿವಿಗಳ ಗೋಪುರವಿದು. ಎತ್ತರ 18.5 ಮೀಟರ್. ಬುಡದಲ್ಲಿ ದೊಡ್ಡ ಟಿವಿಗಳು, ಮೇಲೆ ಹೋದಂತೆ ಸಣ್ಣವು, ತುದಿಯಲ್ಲಿ ಆರಂಗುಲದವು, ಹೀಗೆ ಒಂದು ಸ್ತೂಪದ ಆಕಾರ. 1003 ಎಂಬ ಲೆಕ್ಕ ಅಕ್ಟೋಬರ್ 3ನೇ ತಾರೀಖನ್ನು, ಎಂದರೆ ಕೊರಿಯಾ ದೇಶದ ಸ್ಥಾಪನೆಯ ಪೌರಾಣಿಕ ದಿನವನ್ನು ಸೂಚಿಸುತ್ತದೆ. ಹೆಸರಿನ ಅರ್ಥ 'ಹೆಚ್ಚಿದ್ದಷ್ಟೂ ಒಳ್ಳೆಯದು'. ಚೀನಾದ ಹಾನ್ ಅರಸನು ತನ್ನ ಸೇನಾಪತಿಯನ್ನು ಎಷ್ಟು ಸೈನಿಕರನ್ನು ನಡೆಸಬಲ್ಲೆ ಎಂದು ಕೇಳಿದಾಗ ಬಂದ ಉತ್ತರವಂತೆ ಅದು.

ಇಷ್ಟನ್ನೂ ಓದಿಕೊಂಡು ಹೋಗಿದ್ದ ನಾನು ಓದದೆ ಬಿಟ್ಟದ್ದು ಒಂದೇ ಸಾಲು. ಗೋಪುರ ಕತ್ತಲಾಗಿತ್ತು.

ಒಂದೆರಡು ನಿಮಿಷ ಕಾದೆವು, ಇನ್ನೇನು ಹೊತ್ತಿಕೊಳ್ಳುತ್ತದೆ ಎಂದುಕೊಂಡು. "ಅಪ್ಪ, ಕೆಟ್ಟುಹೋಗಿದೆಯಾ?" ಎಂದು ಮಗಳು ಮೆಲ್ಲಗೆ ಕೇಳಿದಳು. ಅಲ್ಲೇ ನಿಂತಿದ್ದ ಹಿರಿಯ ಕಾವಲುಗಾರರನ್ನು ಅವಳೇ ಹೋಗಿ ವಿಚಾರಿಸಿ ಬಂದಳು. ಕೆಟ್ಟಿಲ್ಲ, ಗುರುವಾರದಿಂದ ಭಾನುವಾರದವರೆಗೆ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ ಇದನ್ನು ಹೊತ್ತಿಸುತ್ತಾರೆ, ಉಳಿದ ಹೊತ್ತು ಅದಕ್ಕೆ ವಿಶ್ರಾಂತಿ. ನಾವು ಬಂದದ್ದು ಬುಧವಾರ. ತಪ್ಪು ಪೂರ್ತಿ ನನ್ನದೇ. ಟ್ಯೂಬುಗಳ ಆರೋಗ್ಯ ನೋಡಿಕೊಂಡು ವೇಳೆಯನ್ನು ಬದಲಿಸುವುದೂ ಉಂಟಂತೆ, ಆದ್ದರಿಂದ ಹೊರಡುವ ಮೊದಲು ಸಂಗ್ರಹಾಲಯದ ಜಾಲತಾಣವನ್ನು ನೋಡಿಕೊಂಡವನೇ ಜಾಣ.

ನಿರಾಸೆಯಲ್ಲಿ ಇಳಿಜಾರು ದಾರಿಯನ್ನು ಹತ್ತುತ್ತ ಹೋದಾಗ ಬೇರೊಂದು ಸಂಗತಿ ಕಣ್ಣಿಗೆ ಬಿತ್ತು. ಆರಿದ ಪಿಕ್ಚರ್ ಟ್ಯೂಬು ಕಪ್ಪಲ್ಲ, ಬೂದಿ ಬಣ್ಣದ್ದು, ಸ್ವಲ್ಪ ಹಸಿರು ಛಾಯೆಯೂ ಇರುತ್ತದೆ. ಅದರ ಗಾಜು ಉಬ್ಬಿರುವುದರಿಂದ ಎದುರಿಗಿರುವುದೆಲ್ಲ ಅದರಲ್ಲಿ ಬಾಗಿ, ಕುಗ್ಗಿ, ಪುಟ್ಟದಾಗಿ ಕಾಣುತ್ತದೆ. ನೂರಾರು ಗಾಜುಗಳಲ್ಲಿ ನೂರಾರು ಪುಟ್ಟ ಅಪ್ಪ ಮಗಳು ಇಳಿಜಾರು ಹತ್ತುತ್ತಿದ್ದರು. ಎತ್ತರ ಹೋದಂತೆ, ತೀರ ಮೇಲಿನ ಸಾಲುಗಳಲ್ಲಿ, ನಾವು ಕಾಣಿಸುವುದು ನಿಂತುಹೋಯಿತು. ಅಲ್ಲಿನ ತೆರೆಗಳು ಚಪ್ಪಟೆ. ಅದೇಕೆಂಬುದು ಶನಿವಾರದ ಕಥೆ.

ಎರಡನೆಯ ದಿನ, ಗುರುವಾರ: ಯೋಂಗಿನ್

ಮರುದಿನವೇ ಗ್ವಾಚಾನ್‌ಗೆ ಓಡಬೇಕೆಂದು ನನಗಿತ್ತು, ಆದರೆ ಮಗಳು ಮೊದಲೇ ಹಾಕಿಕೊಂಡ ಯೋಜನೆಯನ್ನು ಬಿಡಲಿಲ್ಲ. ಸುಇನ್-ಬುಂದಾಂಗ್ ಮಾರ್ಗದ ರೈಲಿನಲ್ಲಿ ಒಂದು ಗಂಟೆಗೂ ಮಿಕ್ಕಿ ಕುಳಿತು ಸಾಂಗಲ್ ನಿಲ್ದಾಣದಲ್ಲಿ ಇಳಿದರೆ ಹತ್ತು ನಿಮಿಷದ ನಡಿಗೆಯಲ್ಲಿ ನಾಮ್ ಜೂನ್ ಪೈಕ್ ಕಲಾ ಕೇಂದ್ರ ಸಿಗುತ್ತದೆ. ನಡೆಯುವ ದಾರಿ ಹುಡುಕಲು ಆ ದೇಶದಲ್ಲಿ ನೇವರ್ ಮ್ಯಾಪ್ ನೆಚ್ಚಿಕೊಳ್ಳಬಹುದಾದದ್ದು. ಕೇಂದ್ರ ತೆರೆದದ್ದು 2008ರಲ್ಲಿ, ಪೈಕ್ ತೀರಿಕೊಂಡ ಎರಡು ವರ್ಷದ ಮೇಲೆ. ಆದರೆ ಕಟ್ಟುವ ಮಾತುಕತೆ ನಡೆದಾಗ ಅವನಿನ್ನೂ ಬದುಕಿದ್ದ; ಅದಕ್ಕೆ 'ನಾಮ್ ಜೂನ್ ಪೈಕ್ ಬಹುಕಾಲ ಬಾಳುವ ಮನೆ' ಎಂದು ಅವನೇ ಹೆಸರಿಟ್ಟಿದ್ದ. ಕನ್ನಡಿಯಂಥ ಗಾಜಿನ ಗೋಡೆಯಲ್ಲಿ ಎದುರಿನ ಗುಡ್ಡದ ಮರಗಳು ಅಡ್ಡ ಗೆರೆಗಳಾಗಿ ತುಂಡಾಗಿ ಕಾಣುತ್ತವೆ, ಸಿಗ್ನಲ್ ಸರಿಯಿಲ್ಲದ ಚಿತ್ರದ ಹಾಗೆ. ಸೋಮವಾರ ರಜೆ, ಉಳಿದ ದಿನ ಪ್ರವೇಶ ಉಚಿತ.

ಒಳಗೆ ಹೋದೊಡನೆ ಮೂಗಿಗೆ ಹಸಿಮಣ್ಣಿನ ವಾಸನೆ ತಾಗಿತು. 'ಟಿವಿ ಗಾರ್ಡನ್' ಎಂಬ 1974ರ ಕಲ್ಪನೆಯ ಕೃತಿಯಲ್ಲಿ ನಿಜವಾದ ಗಿಡಗಳ ಪೊದೆಯ ನಡುವೆ ಟಿವಿಗಳನ್ನು ಅಂಗಾತ, ಓರೆಯಾಗಿ, ಹೂವರಳಿದ ಹಾಗೆ ಮಲಗಿಸಿದ್ದಾರೆ. ಎಲ್ಲದರಲ್ಲೂ 1973ರ 'ಗ್ಲೋಬಲ್ ಗ್ರೂವ್' ಎಂಬ ವಿಡಿಯೊ ಓಡುತ್ತಿರುತ್ತದೆ. ಮುಂದೊಂದು ದಿನ ಭೂಮಿಯ ಮೇಲಿನ ಯಾವ ಟಿವಿ ಕೇಂದ್ರವನ್ನಾದರೂ ಮನೆಯಲ್ಲೇ ಹಾಕಿಕೊಳ್ಳಬಹುದು, ಕಾರ್ಯಕ್ರಮಗಳ ಪಟ್ಟಿಯ ಪುಸ್ತಕ ಮ್ಯಾನ್‌ಹಟನ್ ಊರಿನ ಟೆಲಿಫೋನ್ ಡೈರೆಕ್ಟರಿಯಷ್ಟು ದಪ್ಪವಾಗುತ್ತದೆ ಎಂಬ ಮಾತಿನಿಂದ ಅದು ಆರಂಭವಾಗುತ್ತದೆ. ತಂಬೂರಿಯ ಹಾಗೆ ಒಂದೇ ಶ್ರುತಿಯಲ್ಲಿ ಏನೋ ಗುಂಯ್ಗುಡುತ್ತಿತ್ತು. ಪಿಕ್ಚರ್ ಟ್ಯೂಬಿರುವ ಟಿವಿ, ಧ್ವನಿಯನ್ನು ಪೂರ್ತಿ ಇಳಿಸಿದ್ದರೂ, ತೆಳ್ಳನೆಯ ಸಿಳ್ಳಿನಂಥ ಒಂದು ಸದ್ದನ್ನು ಮಾಡುತ್ತಲೇ ಇರುತ್ತದೆ. ಎಲೆಕ್ಟ್ರಾನ್ ಕಿರಣವನ್ನು ಸೆಕೆಂಡಿಗೆ ಹದಿನೈದು ಸಾವಿರಕ್ಕೂ ಹೆಚ್ಚು ಬಾರಿ ಎಡದಿಂದ ಬಲಕ್ಕೆ ಎಳೆಯುವ ಸರ್ಕ್ಯೂಟಿನ ಸದ್ದು ಅದು. ಮಗಳಿಗೆ ಸಿಳ್ಳು ನಿಚ್ಚಳವಾಗಿ ಕೇಳಿಸುತ್ತಿತ್ತು, ನನಗೆ ಗುಂಯ್ಗುಡುವುದು ಮಾತ್ರ. ಆ ಎತ್ತರದ ಶ್ರುತಿ ವಯಸ್ಸಾದವರ ಕಿವಿಗೆ ನಿಲುಕುವುದಿಲ್ಲ ಎಂದು ವಿವರಿಸುವಾಗ ನನ್ನ ಕಿವಿ ಸ್ವಲ್ಪ ಬಿಸಿಯಾಯಿತು.

ಕೈಯಲ್ಲಿ ನೀರಿನ ಸ್ಪ್ರೇ ಹಿಡಿದ ಹೆಂಗಸೊಬ್ಬರು ಪೊದೆಯ ಅಂಚಿನಲ್ಲಿ ಮಂಡಿಯೂರಿ ಒಂದೊಂದೇ ಎಲೆಯನ್ನು ಬಟ್ಟೆಯಿಂದ ಒರೆಸುತ್ತಿದ್ದರು. ನೀರಿನ ಹನಿ ಟಿವಿಯತ್ತ ಹಾರದಂತೆ ಇನ್ನೊಂದು ಅಂಗೈಯನ್ನು ಅಡ್ಡ ಹಿಡಿದಿದ್ದರು. ಆ ಅಡ್ಡ ಹಿಡಿದ ಅಂಗೈ ನನಗೆ ಇಡೀ ಕೃತಿಗಿಂತ ಹೆಚ್ಚು ಹೊತ್ತು ನೆನಪಿನಲ್ಲುಳಿಯಿತು. ಪಕ್ಕದ ಕೋಣೆಯಲ್ಲಿ ಟಿವಿಗಳ ಮುಂದೆ ಮೀನಿನ ತೊಟ್ಟಿಗಳು, ತೊಟ್ಟಿಯೊಳಗೆ ಜೀವಂತ ಮೀನುಗಳು, ಅವುಗಳ ಹಿಂದೆ ತೆರೆಯ ಮೇಲೆ ಕುಣಿಯುವ ಮನುಷ್ಯ, ಹಾರುವ ವಿಮಾನ. ಮೀನೊಂದು ನರ್ತಕನ ಹೊಟ್ಟೆಯಿಂದ ಹೊರಬಂದಂತೆ ತೇಲಿ ಹೋಯಿತು.

ಇಷ್ಟೆಲ್ಲದರ ಮೂಲ ಕೊರಿಯಾದಲ್ಲಿಲ್ಲ, ಜರ್ಮನಿಯಲ್ಲಿದೆ. 1932ರಲ್ಲಿ ಸೋಲ್‌ನಲ್ಲಿ ಹುಟ್ಟಿದ ಪೈಕ್ ಕೊರಿಯಾ ಯುದ್ಧದ ಹೊತ್ತಿಗೆ ಮನೆಯವರೊಂದಿಗೆ ದೇಶ ಬಿಟ್ಟ. ಟೋಕಿಯೊದಲ್ಲಿ ಓದಿ, ಸಂಗೀತ ಕಲಿಯಲೆಂದು 1956ರಲ್ಲಿ ಜರ್ಮನಿಗೆ ಹೋದ. 1963ರ ಮಾರ್ಚ್ ತಿಂಗಳಲ್ಲಿ ವುಪ್ಪರ್‌ಟಾಲ್ ಊರಿನ ಪಾರ್ನಾಸ್ ಗ್ಯಾಲರಿಯಲ್ಲಿ ಅವನು ಹಳೆಯ ಟಿವಿಗಳನ್ನು ತಂದು, ಒಳಗಿನ ತಂತಿಗಳನ್ನು ಅದಲು ಬದಲು ಮಾಡಿ ಪ್ರದರ್ಶನಕ್ಕಿಟ್ಟ. ಅವುಗಳಲ್ಲೊಂದು ಸಾಗಿಸುವಾಗ ಪೆಟ್ಟು ತಿಂದು, ತೆರೆಯ ತುಂಬ ಚಿತ್ರದ ಬದಲು ನಡುವೆ ಒಂದೇ ಒಂದು ಅಡ್ಡ ಗೆರೆ ಮಾತ್ರ ಉಳಿದಿತ್ತಂತೆ. ಪೈಕ್ ಅದನ್ನು ಎಸೆಯಲಿಲ್ಲ, ಪೆಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿದ. ಅಡ್ಡ ಗೆರೆ ನಿಂತ ಗೆರೆಯಾಯಿತು, ಅದಕ್ಕೆ 'ಝೆನ್ ಫಾರ್ ಟಿವಿ' ಎಂಬ ಹೆಸರೂ ಬಂತು. ಇದನ್ನು ಓದಿದಂದು ನಾನು ಜೋರಾಗಿ ನಕ್ಕಿದ್ದೆ. ಮಾವನ ಅಂಗಡಿಗೆ ವಾರಕ್ಕೆ ಎರಡಾದರೂ ಇಂಥ ಟಿವಿ ಬರುತ್ತಿದ್ದವು. "ವರ್ಟಿಕಲ್ ಹೋಗಿದೆ, ಐಸಿ ಹಾಕಬೇಕು" ಎಂದು ಮಾವ ಚೀಟಿ ಬರೆದು ಅಂಟಿಸುತ್ತಿದ್ದ. ಕಿರಣವನ್ನು ಮೇಲೆ ಕೆಳಗೆ ಎಳೆಯುವ ಭಾಗ ಕೈಕೊಟ್ಟರೆ ಚಿತ್ರವೆಲ್ಲ ಒಂದು ಗೆರೆಯಾಗಿ ಮಡಚಿಕೊಳ್ಳುತ್ತದೆ, ಅಷ್ಟೇ. ನಾವು ಅಷ್ಟೂ ಗೆರೆಗಳನ್ನು ರಿಪೇರಿ ಮಾಡಿ ಕಳಿಸಿಬಿಟ್ಟೆವು.

ಅದೇ ದಾರಿಯಲ್ಲಿ ಮುಂದೆ ಹೋಗಿ ಅವನು 1965ರಲ್ಲಿ ಟಿವಿಯ ಮೇಲೆ ದೊಡ್ಡ ಅಯಸ್ಕಾಂತವನ್ನಿಟ್ಟು ಚಿತ್ರವನ್ನು ನಾರಿನಂತೆ ತಿರುಚಿದ. ಕೇಂದ್ರದಲ್ಲಿ ನಾವು ಕಂಡ 'ಚಂದ್ರನೇ ಅತಿ ಹಳೆಯ ಟಿವಿ' ಎಂಬ ಕೃತಿಯ ಮೂಲದಲ್ಲೂ ಅಯಸ್ಕಾಂತದ ಆಟವೇ ಇದೆ. ಕತ್ತಲ ಕೋಣೆಯಲ್ಲಿ ಸಾಲಾಗಿ ನಿಂತ ಟಿವಿಗಳಲ್ಲಿ ಬಿದಿಗೆಯಿಂದ ಹುಣ್ಣಿಮೆಯವರೆಗೆ ಚಂದ್ರ ಬೆಳೆಯುತ್ತಾನೆ. ಆ ಕೋಣೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಹುಣ್ಣಿಮೆಯ ಟಿವಿಯ ಕೆಳಗೆ ಒಬ್ಬ ಯುವಕ ಗೋಡೆಗೊರಗಿ ನಿದ್ದೆ ಹೋಗಿದ್ದ, ಕಾವಲಿನವರೂ ಅವನನ್ನು ಎಬ್ಬಿಸಲಿಲ್ಲ.

'ಟಿವಿ ಬುದ್ಧ'ನ ಮುಂದೆ ನನಗೊಂದು ಅನುಮಾನ ಹುಟ್ಟಿತು. ಬುದ್ಧನ ಮೂರ್ತಿಯೊಂದು ಟಿವಿಯ ಮುಂದೆ ಕುಳಿತಿದೆ, ಟಿವಿಯ ಹಿಂದಿನ ಕ್ಯಾಮೆರಾ ಅವನನ್ನೇ ಹಿಡಿದು ಅವನಿಗೇ ತೋರಿಸುತ್ತಿದೆ. 1974ರಲ್ಲಿ ಮೊದಲು ಮಾಡಿದ ಈ ಕೃತಿಯನ್ನು ಪೈಕ್ ಮುಂದೆ ಹಲವು ಬಗೆಗಳಲ್ಲಿ ಮತ್ತೆ ಮತ್ತೆ ಮಾಡಿದ. ಮೂರ್ತಿ ಅಲುಗುವುದಿಲ್ಲ, ಚಿತ್ರವೂ ಅಲುಗುವುದಿಲ್ಲ. ಹಾಗಿದ್ದರೆ ಇದು ಈ ಕ್ಷಣದ ಚಿತ್ರವೋ, ಎಂದೋ ತೆಗೆದು ಅಂಟಿಸಿದ ಫೋಟೊವೋ? ಹತ್ತು ನಿಮಿಷ ನಿಂತರೂ ತಿಳಿಯಲಿಲ್ಲ. ಆಮೇಲೆ ಶಾಲು ಹೊದ್ದ ಅಜ್ಜಿಯೊಬ್ಬರು ಹತ್ತಿರ ಬಂದು ಬಾಗಿದಾಗ ಅವರ ನೆರಳು ಬುದ್ಧನ ಎಡಭುಜದ ಮೇಲೆ ಬಿತ್ತು, ಅದೇ ಕ್ಷಣ ಟಿವಿಯೊಳಗಿನ ಭುಜವೂ ಕಪ್ಪಾಯಿತು. ಅಜ್ಜಿ ಕೈಮುಗಿದು ಹಿಂದೆ ಸರಿದರು. ನೆರಳು ಎರಡೂ ಕಡೆಯಿಂದ ಒಟ್ಟಿಗೇ ಇಳಿದುಹೋಯಿತು.

ಮಗಳಿಗೆ ಹೆಚ್ಚು ಖುಷಿ ಕೊಟ್ಟದ್ದು 'ಪಾರ್ಟಿಸಿಪೇಶನ್ ಟಿವಿ', ಮೈಕಿನಲ್ಲಿ ಮಾತಾಡಿದರೆ ಟಿವಿಯ ತೆರೆಯ ಮೇಲೆ ಬಣ್ಣದ ಗೆರೆಗಳು ಸುರುಳಿ ಬಿಚ್ಚುವ ಕೃತಿ. ಅವಳು ನಾಚಿಕೊಂಡು ನನ್ನನ್ನು ಮುಂದೆ ತಳ್ಳಿದಳು. ಏನು ಹೇಳುವುದೆಂದು ತೋಚದೆ ನಾನು "ಅ ಆ ಇ ಈ" ಎಂದೆ. 'ಈ' ಎಳೆದಾಗ ಗೆರೆಗಳು ಸಣ್ಣಗೆ ಹೆಣೆದುಕೊಂಡು ನಡುಗಿದವು. ಸರದಿಯಲ್ಲಿದ್ದ ಐದಾರು ವರ್ಷದ ಹುಡುಗನೊಬ್ಬ ನನ್ನ ಪಾಠ ಅರ್ಥವಾದವನಂತೆ ಮೈಕಿಗೆ ಬಾಯಿಟ್ಟು "ಗ ನ ದ ರ ಮ ಬ ಸ" ಎಂದು ಜೋರಾಗಿ ಒಪ್ಪಿಸಿದ. ಅದು ಅವರ ಅಕ್ಷರಮಾಲೆ. ಅವನಮ್ಮನೂ ನಾವೂ ಒಟ್ಟಿಗೆ ನಕ್ಕೆವು.

ಊಟದ ಕಷ್ಟವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸಸ್ಯಾಹಾರಿಗಳು ಕೊರಿಯಾದಲ್ಲಿ "ಗೋಗಿ ಪ್ಪೆ ಜುಸೆಯೊ", ಅಂದರೆ ಮಾಂಸ ಬಿಟ್ಟು ಕೊಡಿ, ಎಂಬ ಮಾತನ್ನು ಕಲಿತುಕೊಂಡು ಹೋಗಬೇಕು. ಆದರೂ ಕಿಮ್ಚಿಯಲ್ಲಿ ಬಹುಮಟ್ಟಿಗೆ ಮೀನಿನ ರಸವಿರುತ್ತದೆ, ಸಾರಿನಲ್ಲೂ ಇರಬಹುದು. ನಿಲ್ದಾಣದ ಬಳಿಯ ಪುಟ್ಟ ಹೋಟೆಲಿನಲ್ಲಿ ನಮಗೆ ಬಿಬಿಂಬಪ್ ಸಿಕ್ಕಿತು: ಬಿಸಿ ಅನ್ನದ ಮೇಲೆ ಹುರಿದ ಸೊಪ್ಪು, ಮೊಳಕೆ, ಕ್ಯಾರೆಟ್, ಕೆಂಪು ಮೆಣಸಿನ ಗೊಜ್ಜು. ನಮ್ಮ ಬಟ್ಟಲಿಗೆ ಮೊಟ್ಟೆಯೂ ಬೇಡವೆಂದದ್ದು ಕೇಳಿ ಮರುಕಗೊಂಡ ಒಡತಿ ಎರಡು ಪಟ್ಟು ಎಳ್ಳೆಣ್ಣೆ ಸುರಿದರು. ಪಕ್ಕದ ಮೇಜಿನ ನಿವೃತ್ತರೊಬ್ಬರು ಮಗಳ ಕೊರಿಯನ್ ಕೇಳಿ ಮಾತಿಗೆಳೆದರು. ಕೊರಿಯಾದಲ್ಲಿ ಬಣ್ಣದ ಪ್ರಸಾರ ಶುರುವಾದದ್ದು 1980ರ ಡಿಸೆಂಬರಿನಲ್ಲಿ. ಅದುವರೆಗೆ ಕಪ್ಪುಬಿಳುಪಿನಲ್ಲಿ ಕಂಡಿದ್ದ ಗಾಯಕಿಯ ಹಾನ್‌ಬೋಕ್ ಉಡುಗೆ ಗುಲಾಬಿ ಬಣ್ಣದ್ದೆಂದು ಗೊತ್ತಾದ ದಿನ ತಮ್ಮ ತಾಯಿ ಎದ್ದುಹೋಗಿ ತೆರೆಯನ್ನು ಬೆರಳಿನಿಂದ ಸವರಿ ನೋಡಿದ್ದರೆಂದು ಅವರು ಹೇಳಿದರು. 1984ರ ಹೊಸವರ್ಷದಲ್ಲಿ ನ್ಯೂಯಾರ್ಕ್ ಮತ್ತು ಪ್ಯಾರಿಸನ್ನು ಉಪಗ್ರಹದ ಮೂಲಕ ಬೆಸೆದು ಪೈಕ್ ನಡೆಸಿದ 'ಗುಡ್ ಮಾರ್ನಿಂಗ್ ಮಿಸ್ಟರ್ ಆರ್ವೆಲ್' ನೇರ ಪ್ರಸಾರವನ್ನು ನೋಡಿದ್ದಿರಾ ಎಂದು ಕೇಳಿಸಿದೆ. ನಮ್ಮಲ್ಲಿ ಅದು ಬಂದದ್ದು ನಡುರಾತ್ರಿ ಕಳೆದ ಮೇಲೆ, ನಾನು ಮಲಗಿದ್ದೆ, ಎಂದು ಅವರು ಸಂಕೋಚವಿಲ್ಲದೆ ಉತ್ತರಿಸಿದರು.

ಮೂರನೆಯ ದಿನ, ಶುಕ್ರವಾರ: ಚಾಂಗ್‌ಶಿನ್-ದೊಂಗ್, ದೊಂಗ್‌ಮ್ಯೊ, ಸೇಉನ್

ಬೆಳಿಗ್ಗೆ ಸಣ್ಣ ಮಳೆ. ಪೈಕ್ ಬಾಲ್ಯ ಕಳೆದ ಚಾಂಗ್‌ಶಿನ್-ದೊಂಗ್ ಕಡಿದಾದ ಓಣಿಗಳ ಕೇರಿ. ಬಟ್ಟೆಯ ಥಾನು ಹೇರಿಕೊಂಡ ಮೋಟಾರು ಬೈಕುಗಳು ನೆಲಮಾಳಿಗೆಯ ಹೊಲಿಗೆ ಕಾರ್ಖಾನೆಗಳಿಂದ ದೊಂಗ್‌ದೇಮುನ್ ಮಾರುಕಟ್ಟೆಗೆ ಎಡೆಬಿಡದೆ ಹಾರ್ನ್ ಹೊಡೆಯುತ್ತ ಓಡಾಡುತ್ತವೆ. ಪೈಕ್ ಮನೆತನದ್ದೂ ಬಟ್ಟೆಯ ವ್ಯಾಪಾರವೇ. ಅವರ ಮನೆಯನ್ನು ಜನ 'ದೊಡ್ಡ ಬಾಗಿಲಿನ ಮನೆ' ಎಂದು ಕರೆಯುತ್ತಿದ್ದರಂತೆ. ಆ ವಿಶಾಲ ಹಿತ್ತಿಲಿನ ಒಂದು ತುಣುಕಿನಲ್ಲಿರುವ ಹೆಂಚಿನ ಮನೆಯನ್ನು 2017ರಲ್ಲಿ ಸ್ಮಾರಕವಾಗಿಸಿದರು. ಅರ್ಧ ಗಂಟೆಯಲ್ಲಿ ನೋಡಿ ಮುಗಿಯಿತು. ನನಗಂತೂ ಒಳಗಿನ ಪ್ರದರ್ಶನಕ್ಕಿಂತ ಸೂರಿನಿಂದ ಅಂಗಳಕ್ಕೆ ಬೀಳುತ್ತಿದ್ದ ಮಳೆಹನಿಗಳೇ ಹಿಡಿಸಿದವು. 1950ರಲ್ಲಿ ಹೋದವನು ಮತ್ತೆ ಈ ದೇಶಕ್ಕೆ ಕಾಲಿಟ್ಟದ್ದು 34 ವರ್ಷದ ಮೇಲೆ.

ಅಲ್ಲಿಂದ ಐದು ನಿಮಿಷ ಇಳಿದರೆ ದೊಂಗ್‌ಮ್ಯೊ ಗುಜರಿ ಸಂತೆ. ಮಳೆಯಿಂದಾಗಿ ಅರ್ಧ ಅಂಗಡಿಗಳು ಟಾರ್ಪಾಲಿನಡಿ ಮುದುಡಿದ್ದವು. ಹಳೆಯ ಕ್ಯಾಮೆರಾ, ಸೈನಿಕರ ಬೂಟು, ಕ್ಯಾಸೆಟ್ಟುಗಳ ನಡುವೆ ಹಿಡಿಕೆಯಿರುವ, ಕಿತ್ತಳೆ ಬಣ್ಣದ, ಪುಟ್ಟದೊಂದು ಕಪ್ಪುಬಿಳುಪು ಟಿವಿ ನನ್ನ ಕಣ್ಣಿಗೆ ಬಿತ್ತು. ಚಾನೆಲ್ ತಿರುಗಿಸುವ ಗುಂಡಿ ಇನ್ನೂ 'ಕಟ್ ಕಟ್' ಎನ್ನುತ್ತಿತ್ತು. ಇಂಥ ಟಿವಿ ಆರಿಸಿದರೆ ಚಿತ್ರವೆಲ್ಲ ಕುಗ್ಗಿ ನಡುವೆ ಒಂದು ಬೆಳ್ಳಿ ಚುಕ್ಕಿಯಾಗಿ ಸ್ವಲ್ಪ ಹೊತ್ತು ಉಳಿಯುತ್ತದೆ, ಚಿಕ್ಕಂದಿನಲ್ಲಿ ನಾವು ಅದು ಮಾಯವಾಗುವವರೆಗೆ ಎಣಿಸುತ್ತಿದ್ದೆವು ಎಂದು ಮಗಳಿಗೆ ಹೇಳಿದೆ. ಹೊತ್ತಿಸಿ ತೋರಿಸಿ ಎಂದು ಅವಳು ಕೇಳಿದಳು. ಟೊಪ್ಪಿ ತೊಟ್ಟ ಅಂಗಡಿಯಜ್ಜ ರಸ್ತೆಯ ಮೇಲೆ ಕರೆಂಟು ಎಲ್ಲಿದೆ ಎಂಬಂತೆ ಕೈಯಾಡಿಸಿ, ಮಳೆಯನ್ನೂ ತೋರಿಸಿದರು. ನಾಳೆ ಗೋಪುರ ಆರಿಸುವಾಗ ಸಾವಿರ ಚುಕ್ಕಿ ಒಮ್ಮೆಗೇ ನೋಡುವೆಯಂತೆ ಎಂದು ನಾನು ಧಾರಾಳವಾಗಿ ಮಾತು ಕೊಟ್ಟೆ.

ಮಧ್ಯಾಹ್ನ ಗ್ವಾಂಗ್‌ಜಾಂಗ್ ಮಾರುಕಟ್ಟೆಯಲ್ಲಿ ಬಿಂದೆತ್ತೊಕ್ ತಿಂದೆವು. ಕಣ್ಣೆದುರೇ ಯಂತ್ರದ ಬೀಸುಕಲ್ಲಿನಲ್ಲಿ ನೆನೆದ ಹೆಸರುಬೇಳೆ ಅರೆದು, ಮೊಳಕೆ ಬೆರೆಸಿ, ಎಣ್ಣೆಯ ಹೊಂಡದಂಥ ಕಾವಲಿಯಲ್ಲಿ ಬೇಯಿಸುವ ದಪ್ಪ ದೋಸೆ ಅದು. ಕೆಲವು ಅಂಗಡಿಗಳಲ್ಲಿ ಹಂದಿಮಾಂಸ ಸೇರಿಸುತ್ತಾರೆ, ಕೇಳಿ ತಿನ್ನಬೇಕು. ಚಳಿಮಳೆಗೆ ಅದರ ಗರಿಗರಿ ಅಂಚು ಬಲು ರುಚಿಸಿತು.

ಸೇಉನ್ ಸಾಂಗಾ ಅಲ್ಲಿಂದ ನಡೆಯುವಷ್ಟು ದೂರ. 1960ರ ದಶಕದ ಕೊನೆಯಲ್ಲಿ ಎದ್ದ, ಕಿಮ್ ಸುಗುನ್ ವಿನ್ಯಾಸದ ಈ ಉದ್ದನೆಯ ಕಾಂಕ್ರೀಟು ಸಂಕೀರ್ಣ ಒಂದು ಕಾಲಕ್ಕೆ ಇಡೀ ದೇಶದ ಎಲೆಕ್ಟ್ರಾನಿಕ್ಸ್ ಪೇಟೆ. ಇಲ್ಲಿ ಒಂದು ಸುತ್ತು ಹಾಕಿದರೆ ಟ್ಯಾಂಕನ್ನೇ ಜೋಡಿಸಬಹುದು ಎಂದು ಜನ ಆಡಿಕೊಳ್ಳುತ್ತಿದ್ದರಂತೆ. ಪೈಕ್ ಕೃತಿಗಳ ಹಿಂದಿನ ಕೈ ಎನಿಸಿದ ತಂತ್ರಜ್ಞ ಲೀ ಜಂಗ್-ಸಂಗ್ ಈ ಕೇರಿಯವರೇ. 1988ರ ಗೋಪುರದಿಂದ ಆರಂಭಿಸಿ ಪೈಕ್ ಬದುಕಿದ್ದಷ್ಟು ಕಾಲವೂ ಟಿವಿಗಳಿಗೆ ತಂತಿ ಎಳೆದದ್ದು, ಒಂದೇ ಚಿತ್ರವನ್ನು ನೂರಾರು ಪೆಟ್ಟಿಗೆಗಳಿಗೆ ಹಂಚುವ ಉಪಾಯ ಕಂಡುಕೊಂಡದ್ದು ಅವರು. ಸಾಂಗಾದ ಒಳಗೆ ಬಹಳ ಅಂಗಡಿಗಳು ಮುಚ್ಚಿದ್ದವು. ತೆರೆದಿದ್ದ ಒಂದರಲ್ಲಿ ಬಿಸಿ ಸೀಸದ ಹೊಗೆಯ ವಾಸನೆ ಮೂಗಿಗೆ ಬಡಿದು ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಸೋಲ್ಡರಿಂಗ್ ಕಡ್ಡಿ ಹಿಡಿದಿದ್ದವರು ಏನು ಬೇಕೆಂದು ಹುಬ್ಬೇರಿಸಿದರು, ಏನೂ ಇಲ್ಲವೆಂದು ತಲೆಯಾಡಿಸಿದೆ.

ನಾಲ್ಕನೆಯ ದಿನ, ಶನಿವಾರ: ಮತ್ತೆ ಗ್ವಾಚಾನ್

ಒಂದೂವರೆಗೇ ಗೋಪುರದ ಬುಡದಲ್ಲಿದ್ದೆವು. ಬುಧವಾರದ ಕಾವಲುಗಾರರು ಗುರುತು ಹಿಡಿದು, ಕೈಗಡಿಯಾರ ತೋರಿಸಿ ಮುಗುಳ್ನಕ್ಕರು.

ಕಾಯುವ ಹೊತ್ತಿನಲ್ಲಿ ಗೋಪುರದ ಕಾಯಿಲೆಯ ಚರಿತ್ರೆಯನ್ನು ಮಗಳಿಗೆ ಹೇಳಿದೆ. ಇಲ್ಲಿರುವ ಟ್ಯೂಬುಗಳೂ 1988ರವಲ್ಲ. ಸವೆದು ಮಂಕಾಗಿದ್ದ ಟಿವಿಗಳನ್ನು 2003ರಲ್ಲಿ ಒಟ್ಟಾಗಿ ಬದಲಾಯಿಸಿದ್ದರು. ಅವೂ ಒಂದೊಂದಾಗಿ ಸಾಯತೊಡಗಿ, ಬೆಂಕಿಯ ಭಯವೂ ಸೇರಿ, 2018ರ ಫೆಬ್ರುವರಿಯಲ್ಲಿ ಗೋಪುರವನ್ನೇ ಆರಿಸಬೇಕಾಯಿತು. ಹೊಸ ಎಲ್‌ಇಡಿ ಹಾಕುವುದೇ, ಹಾಗೆಯೇ ಬಿಡುವುದೇ, ಹಳೆಯ ಟ್ಯೂಬು ಹುಡುಕುವುದೇ ಎಂಬ ಚರ್ಚೆ ನಡೆದು, ಕೊನೆಗೆ 737 ಟ್ಯೂಬುಗಳನ್ನು ರಿಪೇರಿ ಮಾಡಿಯೋ ಹಳೆಯ ಮಾಲನ್ನು ಹುಡುಕಿ ತಂದೋ ಉಳಿಸಿಕೊಂಡರು. ಮೇಲಿನ 266 ಸಣ್ಣ ಟಿವಿಗಳಿಗೆ ಮಾತ್ರ ಗತಿಯಿಲ್ಲದೆ ಚಪ್ಪಟೆ ಎಲ್‌ಸಿಡಿ ಜೋಡಿಸಿದರು. 2022ರ ಸೆಪ್ಟೆಂಬರ್ 15ರಂದು ಮತ್ತೆ ಹೊತ್ತಿಸಿ, ಆಯುಸ್ಸನ್ನು ಎಣಿಸಿ ಎಣಿಸಿ ಖರ್ಚು ಮಾಡುತ್ತಿದ್ದಾರೆ. ಟ್ಯೂಬಿನೊಳಗೆ ಎಲೆಕ್ಟ್ರಾನುಗಳನ್ನು ಚಿಮ್ಮಿಸುವ ಕ್ಯಾಥೋಡು ಉರಿದಷ್ಟೂ ಸವೆಯುತ್ತದೆ, ಹೊಸ ಟ್ಯೂಬು ಮಾಡುವ ಕಾರ್ಖಾನೆಗಳೂ ಮುಚ್ಚಿಹೋಗಿವೆ.

ಎರಡಕ್ಕೆ ಸರಿಯಾಗಿ ಅದು ಹೊತ್ತಿಕೊಂಡಿತು, ಒಮ್ಮೆಗೇ ಅಲ್ಲ. ಮೊದಲು ಸುತ್ತಲೂ ಚಿಟಿಚಿಟಿ ಸದ್ದು, ಗಾಜಿನ ಮೇಲೆ ಹರಿಯುವ ಸ್ಥಾಯೀ ವಿದ್ಯುತ್ತಿನದು. ಆಮೇಲೆ ಮೇಲಿನ ಎಲ್‌ಸಿಡಿಗಳು ತಟ್ಟನೆ ಎದ್ದವು. ಟ್ಯೂಬುಗಳು ಬಿಸಿಯೇರಬೇಕಲ್ಲ, ಕೆಲವು ಬೇಗ, ಕೆಲವು ತಡವಾಗಿ, ಬೂದಿಯಿಂದ ಕಂದಾಗಿ, ಕಂದಿನಿಂದ ಬಣ್ಣವಾಗಿ ಎದ್ದು ಬಂದವು. ಬೀಸಣಿಗೆ ನೃತ್ಯ, ಅರಮನೆಯ ಮಾಡು, ಗ್ರೀಕ್ ದೇಗುಲದ ಕಂಬ, ಹರಿದಾಡುವ ಬಣ್ಣದ ಪಟ್ಟಿಗಳು ಸುತ್ತು ಸುತ್ತಾಗಿ ಮೇಲೇರಿದವು. ನಿಜ ಹೇಳಬೇಕೆಂದರೆ ಚಿತ್ರಗಳು ಇಂದಿನ ಕಣ್ಣಿಗೆ ಅವಸರದ ಕಲಸುಮೇಲೋಗರ, ಒಂದನ್ನೂ ನೋಡಿ ಮುಗಿಸಲು ಬಿಡುವುದಿಲ್ಲ. ಆದರೆ ಇಳಿಜಾರು ಹತ್ತುತ್ತ ಹೋದಾಗ ಚಿತ್ರವನ್ನು ಬಿಟ್ಟು ಪೆಟ್ಟಿಗೆಗಳನ್ನು ನೋಡತೊಡಗಿದೆ. ಪಕ್ಕಪಕ್ಕದ ಎರಡು ಟ್ಯೂಬುಗಳಲ್ಲಿ ಒಂದೇ ಕೆಂಪು ಒಂದರಲ್ಲಿ ದಾಸವಾಳ, ಇನ್ನೊಂದರಲ್ಲಿ ಇಟ್ಟಿಗೆ. ಒಂದರ ಮೂಲೆಯಲ್ಲಿ ನೇರಳೆ ಕಲೆ. ಚಿಕ್ಕವನಿದ್ದಾಗ ನಾನು ಸ್ಪೀಕರಿನ ಅಯಸ್ಕಾಂತ ಹಿಡಿದು ಮನೆಯ ಟಿವಿಗೆ ಬರಿಸಿ ಪೆಟ್ಟು ತಿಂದದ್ದು ಇದೇ ಕಲೆಗೆ. ಇನ್ನೊಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಮುದುಕನಂತೆ ಮಸುಕು. ಮೇಲಿನ ಎಲ್‌ಸಿಡಿಗಳು ಎಲ್ಲವೂ ಒಂದೇ ಹೊಳಪಿನವು, ಚೊಕ್ಕ, ನಿರ್ದೋಷ. ಟಿವಿ ಕೆಟ್ಟರೆ ಹೊಸ ಸಾಮಾನು ಹಾಕಿಕೊಳ್ಳಿ ಎಂದು ಪೈಕ್ ತಾನೇ ಒಪ್ಪಿಗೆ ಕೊಟ್ಟಿದ್ದನಂತೆ, ಆದ್ದರಿಂದ ದೂರುವ ಹಕ್ಕು ನನಗಿಲ್ಲ; ಆದರೂ ಗೋಪುರದ ಜೀವ ಆ ಕೆಳಗಿನ 737ರಲ್ಲಿದೆ ಎಂದೇ ನನಗನಿಸಿತು. ಹತ್ತಿರ ನಿಂತರೆ ಕೆನ್ನೆಗೆ ಅವುಗಳ ಕಾವು ತಾಗುತ್ತಿತ್ತು.

ನಾಲ್ಕಕ್ಕೆ ಮಗಳು ಕಟಕಟೆಗೆ ಆತುಕೊಂಡು ಚುಕ್ಕಿಗಳಿಗಾಗಿ ಕಣ್ಣರಳಿಸಿ ನಿಂತಳು. ಗೋಪುರ ಆರಿತು. ಒಂದು ಚುಕ್ಕಿಯೂ ಉಳಿಯಲಿಲ್ಲ.

"ಎಲ್ಲಪ್ಪ ನಿಮ್ಮ ಸಾವಿರ ಚುಕ್ಕಿ?" ಎಂದಳು. ಆಗ ನೆನಪಾಯಿತು: ಆ ಚುಕ್ಕಿ ಟ್ಯೂಬಿನ ನಡುವನ್ನು ಸುಡುತ್ತದೆಂದು ಆಮೇಲಿನ ಟಿವಿಗಳಲ್ಲಿ ಅದನ್ನು ಕೊಲ್ಲುವ ಸರ್ಕ್ಯೂಟನ್ನೇ ಇಟ್ಟಿದ್ದರು. ಮಾವ ನನಗದನ್ನು ಹೇಳಿಕೊಟ್ಟಿದ್ದ, ನಾನೇ ಮರೆತಿದ್ದೆ.

ಗ್ರ್ಯಾಂಡ್ ಪಾರ್ಕ್ ನಿಲ್ದಾಣದಿಂದ ನಾಲ್ಕನೆಯ ಮಾರ್ಗ ನೇರವಾಗಿ ದೊಂಗ್‌ದೇಮುನ್‌ಗೆ ಹೋಗುತ್ತದೆ, ಅಲ್ಲಿಂದ ದೊಂಗ್‌ಮ್ಯೊಗೆ ಒಂದೇ ನಿಲ್ದಾಣ. ನಾವು ತಲುಪಿದಾಗ ಕತ್ತಲಾಗುತ್ತಿತ್ತು. ಟೊಪ್ಪಿಯಜ್ಜ ಸಾಮಾನುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು. ಕಿತ್ತಳೆ ಟಿವಿ ಇನ್ನೂ ಹೊರಗಿತ್ತು. ಮಗಳು ಬೇಡಿಕೊಂಡದ್ದನ್ನು ತಲೆ ಓರೆಮಾಡಿ ಕೇಳಿಸಿಕೊಂಡು, ಅವರು ಅದರ ಹಿಡಿಕೆ ಹಿಡಿದು ಪಕ್ಕದ ಬೂಟಿನ ಅಂಗಡಿಯೊಳಗೆ ನುಗ್ಗಿ ಅಲ್ಲಿನ ಪ್ಲಗ್ಗಿಗೆ ಸಿಕ್ಕಿಸಿದರು. ಕೊರಿಯಾದಲ್ಲಿ ಹಳೆಯ ಅನಲಾಗ್ ಪ್ರಸಾರ 2012ರ ಕೊನೆಗೇ ನಿಂತಿರುವುದರಿಂದ ಬಂದದ್ದು ಬರೀ ಸುಯ್ಯೆನ್ನುವ ಅಕ್ಕಿಕಾಳು. ಮಗಳಿಗೆ ಅದೂ ಹೊಸತೇ. ಬೂಟಿನಂಗಡಿಯವನೂ ಬಗ್ಗಿ ನೋಡಿದ. ಅಜ್ಜ ಗುಂಡಿ ತಿರುಗಿಸಿದರು; ಅಕ್ಕಿಕಾಳೆಲ್ಲ ಒಳಕ್ಕೆ ಕುಸಿದು ಬಟಾಣಿಯಷ್ಟಾಗಿ, ಸಾಸಿವೆಯಷ್ಟಾಗಿ ನಿಂತಿತು. ಮಗಳು ಎಣಿಸಿದಳು. ಏಳಕ್ಕೆ ಮಾಯವಾಯಿತು. ಅಜ್ಜ ಎಂಟು ಎಂದು ಹಟ ಹಿಡಿದು, ಮತ್ತೊಮ್ಮೆ ಹೊತ್ತಿಸಿದರು.